ಮಿಡಿಯುವ ಹೃದಯದ ಸ್ಥಿರಚಿತ್ರ



ನನ್ನ ಭಾವನವರಿಗೆ ಆಗಾಗ ಎದೆನೋವು ಬರುತ್ತಿತ್ತು. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು; ದೋಷವೇನೂ ಕಾಣಲಿಲ್ಲ. ‘ಪಾಸಾದೆ’ ಎಂದು ಮನೆಮಂದಿಗೆಲ್ಲ ಮೈಸೂರುಪಾಕು ಹಂಚಿದರು. ಆರು ತಿಂಗಳು ಕಳೆಯುವುದರೊಳಗೆ ಹೃದಯಾಘಾತವಾಯಿತು. ಸದ್ಯ, ಉಳಿದುಕೊಂಡರು. ಆದರೆ ಪಾಸಾದವರಿಗೆ ಹೀಗೇಕಾಯಿತು ಎಂಬ ಅಕ್ಕನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಅಪಧಮನಿಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ನಾಳ ಕಿರಿದಾಗಿದ್ದರೆ ಟ್ರೆಡ್‌ಮಿಲ್ ಅದನ್ನು ಹಿಡಿಯಬಲ್ಲದು. ಆದರೆ ಅನೇಕ ಹೃದಯಾಘಾತಗಳು ಆಗುವುದು ಅಷ್ಟೇನೂ ಕಿರಿದಾಗದ ಜಾಗದಲ್ಲಿ; ಅಲ್ಲಿನ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಆದ್ದರಿಂದ ನೋಡಬೇಕಾದದ್ದು ಗೋಡೆಯನ್ನು.

ಓಡುವ ಬಸ್ಸಿನ ಫೋಟೊ ತೆಗೆದು ನೋಡಿ, ಬರೀ ಮಸುಕು ಗೆರೆ ಮೂಡುತ್ತದೆ. ಕರೋನರಿ ನಾಳಗಳ ಅಗಲ ಮೂರು ನಾಲ್ಕು ಮಿಲಿಮೀಟರ್. ಅವು ಹೃದಯದೊಂದಿಗೆ ಸದಾ ಕುಣಿಯುತ್ತಿರುತ್ತವೆ. ಆದರೆ ಎರಡು ಮಿಡಿತಗಳ ನಡುವೆ ಹೃದಯ ಕ್ಷಣಕಾಲ ಸಡಿಲವಾಗುತ್ತದೆ. ಸಿ.ಟಿ. ಯಂತ್ರ ಇ.ಸಿ.ಜಿ.ಯನ್ನು ಗಮನಿಸುತ್ತಾ ಆ ಬಿಡುವನ್ನು ಹಿಡಿಯುತ್ತದೆ. ಬಿಡುವು ಹೆಚ್ಚಲೆಂದು ಮಿಡಿತ ನಿಧಾನಗೊಳಿಸುವ ಔಷಧವನ್ನೂ ಕೊಡುವುದುಂಟು. ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ದ್ರಾವಣ ಸೇರಿಸಿದಾಗ ನಾಳಗಳು ಬೆಳ್ಳಗೆ ಕಾಣುತ್ತವೆ. ಸ್ಟುಡಿಯೋದಲ್ಲಿ ಚೇಷ್ಟೆಯ ಮಗುವೊಂದು ಅಲುಗಾಡದ ಗಳಿಗೆಗಾಗಿ ಕಾಯುವ ನಮ್ಮ ಕ್ಯಾಮೆರಾದವರ ತಾಳ್ಮೆ ನನಗೆ ನೆನಪಾಗುತ್ತದೆ.

ಚಂದದ ಚಿತ್ರವೇನೋ ಸರಿ. ಅದರಿಂದ ರೋಗಿಗೆ ಲಾಭವೇನು? ಹಾಗೆ ಕೇಳುವುದೇ ವಿಜ್ಞಾನ. ಸ್ಕಾಟ್ಲೆಂಡಿನ 12 ಕೇಂದ್ರಗಳಲ್ಲಿ ಎದೆನೋವಿಗೆಂದು ಬಂದ 4146 ಮಂದಿಯನ್ನು 2010ರಿಂದ 2014ರವರೆಗೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ವಾಡಿಕೆಯ ತಪಾಸಣೆ, ಇನ್ನೊಂದಕ್ಕೆ ಅದರ ಜೊತೆ ಸಿ.ಟಿ. ವೈದ್ಯರೇ ಆರಿಸಿದ್ದರೆ ಹೆಚ್ಚು ಕಾಯಿಲೆಯವರೆಲ್ಲ ಒಂದೇ ಕಡೆ ಸೇರಿಬಿಡುತ್ತಿದ್ದರೇನೊ! ಐದು ವರ್ಷಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹೃದಯಾಘಾತಕ್ಕೀಡಾದವರು ಅಥವಾ ಕರೋನರಿ ಕಾಯಿಲೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇಕಡಾ 3.9, ಸಿ.ಟಿ. ಗುಂಪಿನಲ್ಲಿ 2.3. ಸಾವಿರಕ್ಕೆ ಹದಿನಾರು ಮಂದಿಯ ವ್ಯತ್ಯಾಸ. ಒಟ್ಟು ಸಾವುಗಳಲ್ಲಿ ಮಾತ್ರ ಗಮನಾರ್ಹ ಅಂತರವಿರಲಿಲ್ಲ, ಅದನ್ನೂ ಹೇಳಬೇಕು.

ನನಗೆ ಅಚ್ಚರಿಯೆನಿಸಿದ್ದು ಇನ್ನೊಂದು ಸಂಗತಿ. ಸ್ಟೆಂಟ್, ಬೈಪಾಸ್‌ಗಳ ಸಂಖ್ಯೆ ಐದು ವರ್ಷಗಳಲ್ಲಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು. ಸಿ.ಟಿ. ಗುಂಪಿನಲ್ಲಿ ಹೆಚ್ಚಿದ್ದು ಸ್ಟ್ಯಾಟಿನ್, ಆಸ್ಪಿರಿನ್‌ನಂಥ ಮಾತ್ರೆಗಳ ಬಳಕೆ. ಗೋಡೆಯ ಕೊಬ್ಬನ್ನು ಕಣ್ಣಾರೆ ಕಂಡ ವೈದ್ಯರು ಮಾತ್ರೆ ಬರೆದುಕೊಟ್ಟರು. ಲಾಭಕ್ಕೆ ಇದೇ ಕಾರಣವಿರಬೇಕೆಂದು ಸಂಶೋಧಕರ ವಿವರಣೆ.

ನಮಗಿದು ದೂರದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಆಗುತ್ತದೆ. ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೊಂಟದ ಬೊಜ್ಜು ಇವೆಲ್ಲ ಅಪಾಯದ ಪಟ್ಟಿಯಲ್ಲಿವೆ. ಪಟ್ಟಿ ನೋಡಲು ಯಂತ್ರ ಬೇಡ.

ಹಾಗಾದರೆ ಎದೆನೋವಿಲ್ಲದವರೂ ಸಿ.ಟಿ. ಮಾಡಿಸಬೇಕೆ? ಅದರಲ್ಲಿ ಕ್ಷ-ಕಿರಣವಿದೆ, ಖರ್ಚಿದೆ. ಸ್ಕಾಟ್ಲೆಂಡಿನ ಆ ಪ್ರಯೋಗ ನೋವಿದ್ದವರನ್ನು ಕುರಿತದ್ದು. ನೋವಿಲ್ಲದ ಸುಮಾರು 6000 ಮಂದಿಯನ್ನು ಸೇರಿಸಿಕೊಳ್ಳುವ ಎರಡನೆಯ ಪ್ರಯೋಗವನ್ನು ಅಲ್ಲಿಯವರೇ ಕೈಗೊಂಡಿದ್ದಾರೆ.