ಸದ್ದಿನ ಹಿಂಸೆ



ನೀರನ್ನು ಸೋಸಿ ಕುಡಿಯುವ, ಹೆಜ್ಜೆಯನ್ನು ನೋಡಿ ಇಡುವ ಮನೆತನಗಳಿಂದ ಬಂದವರು ತಾವು. ಆದುದರಿಂದ ರಕ್ತ ಹರಿಯದೆ, ಗಾಯ ಕಾಣದೆ ನಡೆಯುವ ಒಂದು ಪೀಡೆಯ ವಿಷಯವನ್ನು ತಮ್ಮ ಮುಂದಿಡಲು ನನಗೆ ಸಂಕೋಚವಿಲ್ಲ. ಅದು ಮನುಷ್ಯನು ಎಬ್ಬಿಸುವ ಸದ್ದು.

ಪ್ರಾಣಿಯು ಓಡಿಹೋಗದೆ ಇದ್ದಲ್ಲಿಯೇ ಇದ್ದರೆ ಅದಕ್ಕೆ ತೊಂದರೆಯಿಲ್ಲವೆಂದು ನಾವು ಭಾವಿಸುತ್ತೇವೆ. ಈ ಭಾವನೆಯನ್ನು ಕೆನಡಾದ ಫಂಡಿ ಕೊಲ್ಲಿಯ ತಿಮಿಂಗಿಲಗಳು ಸುಳ್ಳಾಗಿಸಿದವು. ಅಲ್ಲಿ ಸಂಶೋಧಕರ ಒಂದು ತಂಡ ತಿಮಿಂಗಿಲಗಳ ಮಲವನ್ನು ಸಂಗ್ರಹಿಸಿ ಪರೀಕ್ಷಿಸುತ್ತಿತ್ತು; ಬೇರೊಂದು ಉದ್ದೇಶದಿಂದ ಮತ್ತೊಂದು ತಂಡ ನೀರೊಳಗಿನ ಧ್ವನಿಯನ್ನು ದಾಖಲಿಸುತ್ತಿತ್ತು. 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ದುರಂತದ ತರುವಾಯ ಹಡಗುಗಳ ಸಂಚಾರ ಹಠಾತ್ತನೆ ಇಳಿಯಿತು. ಸದ್ದು 6 ಡೆಸಿಬೆಲ್‌ಗಳಷ್ಟು ತಗ್ಗಿತು. ಎಂದರೆ ಧ್ವನಿಯ ಒತ್ತಡ ಅರ್ಧಕ್ಕಿಳಿಯಿತು. ತಿಮಿಂಗಿಲಗಳ ಮಲದಲ್ಲಿ, ದೇಹದ ಉದ್ವೇಗವನ್ನು ಸೂಚಿಸುವ ರಸಗಳ ಪ್ರಮಾಣವೂ ಇಳಿದಿತ್ತು. ಮುಂದಿನ ನಾಲ್ಕು ವರ್ಷಗಳ ಸೆಪ್ಟೆಂಬರ್‌ಗಳಲ್ಲಿ ಅಂತಹ ಇಳಿತ ಕಾಣಲಿಲ್ಲ. ಎರಡು ತಂಡಗಳ ದಾಖಲೆಗಳನ್ನು ಜೊತೆಗಿಟ್ಟು ನೋಡಿದ ವರದಿ ಪ್ರಕಟವಾದದ್ದು 2012ರಲ್ಲಿ.

ಒಂದು ಸಂದೇಹ ಉಳಿಯಿತು. ನೆಮ್ಮದಿಗೆ ಕಾರಣ ಸದ್ದು ತಗ್ಗಿದ್ದೋ, ಹಡಗುಗಳೇ ವಿರಳವಾದದ್ದೋ? ಇಂತಹ ಸಂದೇಹವನ್ನು ನೆಲದ ಮೇಲೆ ಪರಿಹರಿಸಿದವರು ಅಮೆರಿಕದ ಐಡಹೋ ಪ್ರಾಂತದ ವಿಜ್ಞಾನಿಗಳು. ರಸ್ತೆಯೇ ಇಲ್ಲದ ಗುಡ್ಡವೊಂದರ ಮೇಲೆ ಅರ್ಧ ಕಿಲೋಮೀಟರ್ ಉದ್ದಕ್ಕೆ ಧ್ವನಿವರ್ಧಕಗಳನ್ನು ನಿಲ್ಲಿಸಿ, ವಾಹನಗಳ ಸದ್ದನ್ನು ನಾಲ್ಕು ದಿನ ಕೇಳಿಸುವುದು, ನಾಲ್ಕು ದಿನ ನಿಲ್ಲಿಸುವುದು. ವಾಹನವಿಲ್ಲ, ಹೊಗೆಯಿಲ್ಲ, ಆದರೂ ಸದ್ದಿನ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿತು. ಉಳಿದ ಹಕ್ಕಿಗಳಲ್ಲಿಯೂ ಕೆಲವು, ದೂರದ ವಲಸೆಗೆ ಬೇಕಾದ ಮೈತೂಕವನ್ನು ಗಳಿಸಲಾರದಾದವು. ಶತ್ರುವಿನ ಸುಳಿವು ಕಿವಿಗೆ ಬೀಳದಿದ್ದಾಗ ಮತ್ತೆ ಮತ್ತೆ ತಲೆಯೆತ್ತಿ ನೋಡಬೇಕು. ನೋಡುತ್ತ ನಿಂತವಕ್ಕೆ ತಿನ್ನಲು ಹೊತ್ತೆಲ್ಲಿ? ಆದ್ದರಿಂದ ಬರಿಯ ತಲೆಯೆಣಿಕೆಯಿಂದ ಹಾನಿಯ ಲೆಕ್ಕ ಸಿಕ್ಕದು.

ಇನ್ನು ಪರಿಹಾರ. ವಿಷವು ಮಣ್ಣಿನಲ್ಲಿ ವರ್ಷಗಟ್ಟಲೆ ನಿಲ್ಲಬಹುದು. ಸದ್ದು ಹಾಗಲ್ಲ, ನಿಲ್ಲಿಸಿದ ಗಳಿಗೆಯೇ ಇಲ್ಲವಾಗುತ್ತದೆ. 2017ರಲ್ಲಿ ವ್ಯಾಂಕೂವರ್ ಬಂದರಿನವರು, ಮೀನನ್ನು ಪ್ರತಿಧ್ವನಿಯಿಂದಲೇ ಹುಡುಕುವ ಓರ್ಕಾ ತಿಮಿಂಗಿಲಗಳಿಗಾಗಿ, ಹಾರೋ ಜಲಸಂಧಿಯಲ್ಲಿ ವೇಗವನ್ನು 11 ನಾಟ್‌ಗಳಿಗೆ ಇಳಿಸುವಂತೆ ಹಡಗುಗಳನ್ನು ಕೋರಿದರು. ಕಾನೂನಿನ ಬಲವಂತವಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಡಗುಗಳು ತಾವಾಗಿಯೇ ಒಪ್ಪಿದವು (ವ್ರತವೆಂದರೆ ಇದೇ ಅಲ್ಲವೆ!). ನೀರೊಳಗಿನ ಸದ್ದು ತಗ್ಗಿತು.

ನಮ್ಮ ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿರ್ಬಂಧಿಸಿದ್ದು ಮುಖ್ಯವಾಗಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಪ್ಪಿಸಲು. ಕೆಲವು ಬಸ್ಸುಗಳನ್ನೂ ತುರ್ತು ವಾಹನಗಳನ್ನೂ ಬಿಟ್ಟರೆ, ಆ ಒಂಬತ್ತು ಗಂಟೆಗಳ ಕಾಲ ಕಾಡಿಗೆ ತನ್ನ ಸದ್ದು ತನಗೆ ಕೇಳಿಸುವಂತಾಯಿತು.