ಒಂದು ಲೀಟರ್ ಇಂಧನಕ್ಕೆ ಎಷ್ಟು ಇಂಧನ ಬೇಕು?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)

 

ಈಚೆಗೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಸಿಂಧನೂರಿನಾಗ ಇಷ್ಟು ನೆಲ್ಲು ಬೆಳಿತೀವಿ. ಅದರಿಂದಾನ ಪೆಟ್ರೋಲ್ ಮಾಡಿದ್ರ ಹೊರಗಿಂದ ತರೋದು ಯಾಕ್ ಬೇಕ್ರಿ?" ಪ್ರಶ್ನೆ ಒಳ್ಳೆಯದಿತ್ತು. ಅದಕ್ಕೆ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತೇನೆ.

ಆಲ್ಕೋಹಾಲ್ ಎಂದ ಕೂಡಲೇ ನಮ್ಮ ಮಕ್ಕಳು ಮುಸಿಮುಸಿ ನಗುತ್ತಾರೆ. ಆದರೆ ಪದ ಅರಬ್ಬಿ ಭಾಷೆಯದು. 'ಅಲ್-ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ಆ ಹೆಸರು ಯುರೋಪಿಗೆ ಹೋಗಿ, ಬಟ್ಟಿ ಇಳಿಸಿದ ದ್ರವಕ್ಕೆ ಅಂಟಿಕೊಂಡಿತು. ಕುಡಿಯುವುದು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಎಂಜಿನ್‌ನಲ್ಲಿ ಉರಿಯುವ ಎಥನಾಲ್ ಮತ್ತು ಮೆಥನಾಲ್ ಬಗ್ಗೆ.

ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಬೇಕೆಂದು ನಮ್ಮ ದೇಶ ಮೊದಲು 2030ರ ಗುರಿ ಇಟ್ಟುಕೊಂಡಿತ್ತು. 2025ರಲ್ಲೇ ಆ ಮಟ್ಟ ಮುಟ್ಟಿತು. ಅಂದರೆ ಅಂಥ 5 ಲೀಟರ್ ಪೆಟ್ರೋಲಿನಲ್ಲಿ 1 ಲೀಟರ್ ಎಥನಾಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಮಾತ್ರ. ಮೆಥನಾಲ್‌ನಲ್ಲಿ ಅರ್ಧದಷ್ಟು.

ಇದು ಜಮಾ. ಖರ್ಚು ಎಷ್ಟು? ಅಂಗಡಿಯವನು ಗಲ್ಲಾಪೆಟ್ಟಿಗೆ ನೋಡಿ ಲಾಭ ಹೇಳುವುದಿಲ್ಲ, ಖಾತೆ ಪುಸ್ತಕ ನೋಡಿ ಹೇಳುತ್ತಾನೆ. ಇಂಧನಕ್ಕೂ ಅಂಥ ಪುಸ್ತಕ ಬೇಕು. ಅದಕ್ಕೆ ವಿಜ್ಞಾನದಲ್ಲಿ ಶಕ್ತಿಯ ಸಮತೋಲನ ಎನ್ನುತ್ತಾರೆ. ನಾವು ಮೀಜಾನ್, ತಕ್ಕಡಿ ಎನ್ನಬಹುದು.

ನಮ್ಮ ಭತ್ತವನ್ನೇ ತೂಗೋಣ. 75 ಕೆ.ಜಿ.ಯ 20 ಚೀಲ ಭತ್ತದಿಂದ ಹೆಚ್ಚು ಕಡಿಮೆ 1 ಟನ್ ಅಕ್ಕಿ. ಅದರಿಂದ 400ರಿಂದ 450 ಲೀಟರ್ ಎಥನಾಲ್. ಶಕ್ತಿಯ ಲೆಕ್ಕದಲ್ಲಿ ಅದು 270ರಿಂದ 300 ಲೀಟರ್ ಪೆಟ್ರೋಲಿಗೆ ಸಮ. ಕೇಳಲು ಚೆನ್ನಾಗಿದೆ. ಈಗ ಖರ್ಚು ಬರೆಯಿರಿ. 45 ಕೆ.ಜಿ.ಯ ಒಂದು ಚೀಲ ಯೂರಿಯಾ ತಯಾರಿಸಲು ಸುಮಾರು 30 ಲೀಟರ್ ಡೀಸೆಲ್‌ನಷ್ಟು ಶಕ್ತಿ ಬೇಕು. ಆ ಭತ್ತಕ್ಕೆ ಎರಡು ಚೀಲ ಹಾಕಿದ್ದರೆ 60 ಲೀಟರ್ ಆಗಲೇ ಹೋಯಿತು. ಮೇಲೆ ಟ್ರ್ಯಾಕ್ಟರ್, ಕಟಾವು ಯಂತ್ರ, ಲಾರಿ, ಮಿಲ್. ಎಲ್ಲಕ್ಕಿಂತ ದೊಡ್ಡ ಖರ್ಚು ಕಾರ್ಖಾನೆಯ ಬಾಯ್ಲರ್. ಹುದುಗಿದ ನೀರಿನಿಂದ ಎಥನಾಲ್ ಬೇರ್ಪಡಿಸಬೇಕಾದರೆ ಕಾಯಿಸಲೇಬೇಕು.

ಆ ಬಾಯ್ಲರಿಗೆ ಏನು ಹಾಕುತ್ತೇವೆ ಎಂಬುದರ ಮೇಲೆ ಲಾಭನಷ್ಟ ನಿಂತಿದೆ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯೇ ಬಾಯ್ಲರಿಗೆ ಸಾಕಾಗುತ್ತದೆ. 1975ರಲ್ಲಿ ಎಥನಾಲ್ ಯೋಜನೆ ಆರಂಭಿಸಿದ ಬ್ರೆಜಿಲ್‌ನಲ್ಲಿ, ಹೊರಗಿನಿಂದ ಹಾಕಿದ 1 ಪಾಲು ಶಕ್ತಿಗೆ ಸುಮಾರು 8 ಪಾಲು ಮರಳಿ ಬರುತ್ತದೆಂದು ಲೆಕ್ಕ ಹಾಕಿದ್ದಾರೆ. ಅಮೆರಿಕದ ಮೆಕ್ಕೆಜೋಳಕ್ಕೆ ಆ ಅನುಕೂಲವಿಲ್ಲ. 2002ರಲ್ಲಿ ಅಲ್ಲಿನ ಕೃಷಿ ಇಲಾಖೆ 1ಕ್ಕೆ 1.34 ಬರುತ್ತದೆ ಎಂದಿತು. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟಲ್ ಅವರು, ಹಾಕಿದಷ್ಟೂ ಬರುವುದಿಲ್ಲ ಎಂದು ವಾದಿಸಿದರು. ಬೆಳೆ ಒಂದೇ, ಉತ್ತರ ಎರಡು! ಯಾವ ಖರ್ಚು ಬರೆಯಬೇಕು, ಉಳಿದ ಹಿಂಡಿಗೆ ಎಷ್ಟು ಜಮಾ ಕೊಡಬೇಕು ಎಂಬಲ್ಲಿ ವ್ಯತ್ಯಾಸವಿತ್ತು. ಆದ್ದರಿಂದ ಯಾರಾದರೂ ಒಂದು ಅಂಕಿ ಹೇಳಿದರೆ, ಏನೇನು ಲೆಕ್ಕಕ್ಕೆ ಹಿಡಿದಿರಿ ಎಂದು ಕೇಳುವುದನ್ನು ಕಲಿಯಿರಿ.

ಇನ್ನು ಕಟ್ಟಿಗೆ. ನಮ್ಮ ರಾಜ್ಯದ ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಇದ್ದಲಿಗಾಗಿ ಮಲೆನಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಡುತ್ತಿತ್ತು. ಹೊರಬಂದ ಹೊಗೆಯನ್ನು ತಣಿಸಿ ಮೆಥನಾಲ್ ಪಡೆಯುತ್ತಿದ್ದರು. ಈ ವಿಧಾನದಲ್ಲಿ ಕಟ್ಟಿಗೆಯ ತೂಕದ ಶೇ. 1ರಿಂದ 2ರಷ್ಟು ಮಾತ್ರ ಮೆಥನಾಲ್ ಸಿಗುತ್ತದೆ. ಅಲ್ಲಿ ಅದು ಉಪ ಉತ್ಪನ್ನವಾದ್ದರಿಂದ ನಡೆಯಿತು. ಅದಕ್ಕಾಗಿಯೇ ಕಾಡು ಕಡಿದಿದ್ದರೆ ನಷ್ಟ. ಒಂದು ಎಚ್ಚರಿಕೆ: ಮೆಥನಾಲ್ ವಿಷ. ಒಳಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ಕಲ್ಲಿದ್ದಲಿನ ಕಥೆ ಬೇರೆ. ಬೆಳೆಗೆ ಸೂರ್ಯ ಪ್ರತಿ ವರ್ಷ ಹೊಸ ಜಮಾ ಹಾಕುತ್ತಾನೆ. ಕಲ್ಲಿದ್ದಲು ಹಳೆಯ ಗಂಟು, ಕರಗಿಸಿದಷ್ಟೂ ಖಾಲಿ. ಅದನ್ನು ಮೆಥನಾಲ್ ಮಾಡುವಾಗ ಅರ್ಧದಷ್ಟು ಶಕ್ತಿ ದಾರಿಯಲ್ಲೇ ಕಳೆದುಹೋಗುತ್ತದೆ. ಚೀನಾ ಇದನ್ನು ಭಾರಿ ಪ್ರಮಾಣದಲ್ಲಿ ಮಾಡುತ್ತದೆ. 2021ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್, ದಿನಕ್ಕೆ ಕಾಲು ಟನ್ ಮೆಥನಾಲ್ ಕೊಡುವ ಪ್ರಾಯೋಗಿಕ ಘಟಕ ನಡೆಸಿ ತೋರಿಸಿತು. ಆಮದು ತಗ್ಗಿಸಲು ಇದು ದಾರಿಯಾಗಬಹುದು, ಶಕ್ತಿ ಉಳಿಸುವ ದಾರಿಯಲ್ಲ.

ಕೊನೆಗೆ, ಈ ಖಾತೆಯಲ್ಲಿ ಬರೆಯಲಾಗದ ಎರಡು ಬಾಬುಗಳಿವೆ: ನೀರು ಮತ್ತು ಅನ್ನ. ಒಂದು ಕೆ.ಜಿ. ಅಕ್ಕಿಗೆ ಸಾವಿರಾರು ಲೀಟರ್ ನೀರು ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಎಷ್ಟು ಸಲ ರಸ್ತೆಗಿಳಿದಿಲ್ಲ? ಅನ್ನದ ಮಾತೂ ಹಾಗೆಯೇ. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ ನಮ್ಮ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ಹಣ ಹಾಕಿತು. ಎಥನಾಲ್ ಕಾರ್ಖಾನೆಗಳಿಗೆ ಅಕ್ಕಿ ಕೊಡುವುದನ್ನು ಭಾರತ ಆಹಾರ ನಿಗಮ ಅದೇ ಜುಲೈನಲ್ಲಿ ನಿಲ್ಲಿಸಿ, ಮುಂದೆ ಮತ್ತೆ ಆರಂಭಿಸಿತು. ಹಸಿದವನ ತಟ್ಟೆ ಮತ್ತು ಗಾಡಿಯ ಟ್ಯಾಂಕ್ ಒಂದೇ ಗೋದಾಮಿನ ಮುಂದೆ ಸಾಲು ನಿಲ್ಲುವ ಸ್ಥಿತಿ ಬಾರದಿರಲಿ. ಉಣ್ಣುವ ಅಕ್ಕಿಯನ್ನು ಸುಡುವುದು ನನ್ನ ಮನಸ್ಸಿಗೆ ಇಸ್ರಾಫ್, ದುಂದು.

ಹಾಗಾದರೆ ದಾರಿ? ಕಟಾವಿನ ನಂತರ ಗದ್ದೆಯಲ್ಲೇ ಬೆಂಕಿ ಇಡುವ ಭತ್ತದ ಹುಲ್ಲನ್ನು ನೆನೆಯಿರಿ. ಹರಿಯಾಣದ ಪಾಣಿಪತ್‌ನಲ್ಲಿ ಅಂಥ ಹುಲ್ಲಿನಿಂದ ಎಥನಾಲ್ ಮಾಡುವ ಕಾರ್ಖಾನೆ 2022ರಲ್ಲಿ ಉದ್ಘಾಟನೆಯಾಯಿತು. ದನಕ್ಕೆ ಬೇಕಾದಷ್ಟು ಉಳಿಸಿ, ಸುಡುವುದನ್ನು ಬಳಸಿದರೆ ತಕ್ಕಡಿ ನಮ್ಮ ಕಡೆ ವಾಲೀತು.

ಮಕ್ಕಳೇ, ನಿಮಗೊಂದು ಕೆಲಸ. ಸಿಂಧನೂರಿನವರು ಕಾಲುವೆ ಗದ್ದೆಯ, ಮಸ್ಕಿ ಮತ್ತು ಲಿಂಗಸುಗೂರಿನವರು ಬೋರ್‌ವೆಲ್ ಹೊಲದ ಒಂದು ಎಕರೆಯ ಶಕ್ತಿಖಾತೆ ಬರೆಯಿರಿ. ಕಾಲುವೆಯ ನೀರು ತಾನೇ ಇಳಿದು ಬರುತ್ತದೆ. ಬೋರ್‌ವೆಲ್ ನೀರೆತ್ತಲು ಕರೆಂಟ್ ಬೇಕು. ಶಕ್ತಿನಗರದಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗವಷ್ಟೇ ಕರೆಂಟ್ ಆಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಮನೆಯಲ್ಲಿ ಅಬ್ಬಾ, ಚಾಚಾ, ಅಜ್ಜನವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಇಲ್ಲ. ಆ ಹುಡುಗನ ಪ್ರಶ್ನೆಗೆ ನಿಮ್ಮ ಖಾತೆಯೇ ಉತ್ತರ ಕೊಡಲಿ.