ಉದ್ಯಾನದೊಳಗಿನ ಹೊಲಗದ್ದೆ
(ಗೊಳಸಂಗಿಯ ಸಭೆಯಲ್ಲಿ ಮಾಡಿದ ಭಾಷಣ)



ಆಲಮಟ್ಟಿಯ ಹಿನ್ನೀರಿಗೆ ನೆಲ ಕೊಟ್ಟ ಸೀಮೆಯವರು ನಾವು. ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತೆದ್ದಾಗಲೆಲ್ಲ ದಂಡೆಯ ರೈತನ ಎದೆ ನಡುಗುತ್ತದೆ. ಮಲೆನಾಡಿನ ಕುದುರೆಮುಖದ ರೈತನ ಪಾಡೂ ಇದೇ.

1987ರಲ್ಲಿ ಅಲ್ಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು; ಪಟ್ಟಾ ಜಮೀನಿನವರು ಒಳಗೇ ಉಳಿದರು. 1972ರ ವನ್ಯಜೀವಿ ಕಾಯ್ದೆಯಂತೆ, ಘೋಷಣೆಯಾದ ನೆಲದಲ್ಲಿ ವಾರಸುದಾರಿಕೆಯ ಹೊರತು ಹೊಸ ಹಕ್ಕು ಹುಟ್ಟದು. ಮಗನಿಗೆ ಬರುವ ಗದ್ದೆ, ಕೊಂಡವನಿಗೆ ಬಾರದು. ಹಾಗಾದರೆ ಅದನ್ನು ಕೊಳ್ಳುವವರಾರು? ಅದೇ ಸೀಮೆಯಲ್ಲಿ ಅದಿರಿನ ಗಣಿ ಮಾತ್ರ 2005ರ ಕೊನೆಯವರೆಗೂ ನಡೆಯಿತು!

ಕಾಡು ಉಳಿಯಲೇಬೇಕು. ಇರುವವನಿಗೆ ನೆಮ್ಮದಿಯ ಹಕ್ಕು ಸಿಗಲಿ. ಒಪ್ಪಿ ಹೊರಡುವವನಿಗೆ ಮೊದಲು ನೆಲ, ಹಣ ಸಿಗಲಿ, ಆಮೇಲೆ ಮನೆ ಬಿಡಲಿ. ಎರಡೂ ಇಲ್ಲದೆ ತಲೆಮಾರುಗಟ್ಟಲೆ ತೂಗಹಾಕುವುದು ನ್ಯಾಯವಲ್ಲ.